ವಿದ್ಯಾರ್ಥಿವೇತನ ವಿಭಾಗದ ಕಿಟಕಿಯ ಮುಂದೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ವಿದ್ಯಾರ್ಥಿವೇತನ ವಿಭಾಗಗಳೊಂದಿಗಿನ ವ್ಯವಹಾರಕ್ಕೆ ಸಂಬಂಧಿಸಿದವಾದ್ದರಿಂದ, ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ. ಪತ್ರ ಬರೆದವರ ಹೆಸರು, ಕಾಲೇಜುಗಳ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ಮಾನ್ಯರೇ, ನಾನು ಪ್ರವರ್ಗ 2ಎಗೆ ಸೇರಿದ, ಬಿ.ಎ. ಎರಡನೆಯ ವರ್ಷದ ವಿದ್ಯಾರ್ಥಿನಿ. ಸರ್ಕಾರಿ ಹಾಸ್ಟೆಲಿನಲ್ಲಿ ಸೀಟು ಸಿಗದ ಕಾರಣ ಗೆಳತಿಯರೊಂದಿಗೆ ಬಾಡಿಗೆ ಕೋಣೆಯಲ್ಲಿದ್ದೇನೆ. ಹಾಸ್ಟೆಲ್ ಸಿಗದವರ ಊಟ, ವಸತಿಗೆ ನೆರವು ಕೊಡುವ ವಿದ್ಯಾಸಿರಿ ಯೋಜನೆಗೆ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿದ್ದೆ. ಹಣ ಸಂದಾಯವಾಗಿದೆ ಎಂದು ಪೋರ್ಟಲ್ ತೋರಿಸುತ್ತಿದೆ, ಆದರೆ ನನ್ನ ಪಾಸ್‌ಬುಕ್ಕಿನಲ್ಲಿ ಏನೂ ಬಂದಿಲ್ಲ. ಕಾಲೇಜಿನ ಕಚೇರಿಯವರು ಬ್ಯಾಂಕಿನಲ್ಲಿ ಕೇಳು ಎನ್ನುತ್ತಾರೆ, ಬ್ಯಾಂಕಿನವರು ಕಾಲೇಜಿನಲ್ಲಿ ಕೇಳು ಎನ್ನುತ್ತಾರೆ. ನಾನು ಯಾರ ಬಳಿ ಹೋಗಬೇಕು? ಮುಂದಿನ ಸಲ ಅಮ್ಮನ ಖಾತೆಗೆ ಹಾಕಿಸಿಕೊಳ್ಳಬಹುದೇ?
– ವಿದ್ಯಾರ್ಥಿನಿ, ಯಾದಗಿರಿ ಜಿಲ್ಲೆ

ಉತ್ತರ: ಹತ್ತು ತಿಂಗಳಿಗೆ ಬರುವ ವಿದ್ಯಾಸಿರಿಯ ಹಣ ನಿಮ್ಮ ಊಟಕ್ಕೂ ಬಾಡಿಗೆಗೂ ಆಧಾರವಾಗಿರುವಾಗ, ಅದು ಕಾಗದದ ಮೇಲೆ ಬಂದು ಕೈಗೆ ಬಾರದಿದ್ದರೆ ಎಷ್ಟು ಕಷ್ಟವೆಂಬುದು ನಮಗೆ ಅರ್ಥವಾಗುತ್ತದೆ. ನಿಮ್ಮ ಹಣ ಕಳೆದುಹೋಗಿರುವ ಸಂಭವ ಕಡಿಮೆ. ಅದು ನಿಮ್ಮ ಹೆಸರಿನಲ್ಲೇ ಇರುವ ಇನ್ನೊಂದು ಖಾತೆಗೆ ಹೋಗಿರಬಹುದು.

ಎಸ್‌ಎಸ್‌ಪಿ ಎಂದು ನಾವೆಲ್ಲರೂ ಕರೆಯುವ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಹಣವನ್ನು ಪಾಸ್‌ಬುಕ್ಕಿನಲ್ಲಿರುವ ಖಾತೆ ಸಂಖ್ಯೆಯನ್ನು ನೋಡಿ ಕಳುಹಿಸುವುದಿಲ್ಲ, ವಿದ್ಯಾರ್ಥಿಯ ಆಧಾರ್ ಸಂಖ್ಯೆಯನ್ನು ಹಿಡಿದು ಕಳುಹಿಸುತ್ತದೆ. ಒಬ್ಬರ ಆಧಾರ್ ಸಂಖ್ಯೆಯನ್ನು ನಾಲ್ಕಾರು ಖಾತೆಗಳಿಗೆ ಕೊಟ್ಟಿರಬಹುದಾದರೂ, ಸರ್ಕಾರದ ನೇರ ನಗದು ಜಮೆಗೆಂದು, ಬ್ಯಾಂಕುಗಳ ನಡುವಿನ ಹಣ ವರ್ಗಾವಣೆಯನ್ನು ನಿರ್ವಹಿಸುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಜೋಡಣೆಯಾಗಿರುವುದು ಒಂದೇ ಒಂದು ಖಾತೆ, ಅದೂ ಕೊನೆಯದಾಗಿ ಜೋಡಣೆಯಾದ ಖಾತೆ. ಊರಿನ ಅಂಚೆ ಕಚೇರಿಯಲ್ಲೋ, ಮೊಬೈಲ್ ಅಂಗಡಿಯಲ್ಲೋ, ಯಾವುದೋ ಶಿಬಿರದಲ್ಲೋ ಬೆರಳಚ್ಚು ಕೊಟ್ಟು ಖಾತೆ ತೆರೆದು ಮರೆತುಬಿಟ್ಟಿರುವ ಮಕ್ಕಳು ಬಹಳ ಮಂದಿ ಇದ್ದಾರೆ, ಅವರ ವಿದ್ಯಾರ್ಥಿವೇತನ ಅಂಥ ಖಾತೆಗಳಲ್ಲಿ ಸದ್ದಿಲ್ಲದೆ ಕುಳಿತಿರುತ್ತದೆ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ನಿಮ್ಮ ಆಧಾರ್ ಸಂಖ್ಯೆಯಿಂದ ಪ್ರವೇಶಿಸಿ, ಮೊಬೈಲಿಗೆ ಬರುವ ಒಟಿಪಿ ಕೊಟ್ಟು, ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಎಂಬ ಭಾಗವನ್ನು ತೆರೆದರೆ, ಈಗ ನಿಮ್ಮ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ, ಆ ಜೋಡಣೆ ಸಕ್ರಿಯವಾಗಿದೆಯೇ ಎಂಬುದು ತಿಳಿಯುತ್ತದೆ. ಅಲ್ಲಿ ಬೇರೆ ಬ್ಯಾಂಕಿನ ಹೆಸರಿದ್ದರೆ ಆಧಾರ್ ಕಾರ್ಡಿನೊಂದಿಗೆ ಆ ಬ್ಯಾಂಕಿಗೇ ಹೋಗಿ ಖಾತೆಯ ವಿವರ ಪಡೆಯಿರಿ. ಹಣ ಅಲ್ಲಿದ್ದರೆ ಅದು ನಿಮ್ಮದೇ. ಮುಂದಿನ ಕಂತುಗಳು ಈಗ ಬಳಸುತ್ತಿರುವ ಖಾತೆಗೆ ಬರಬೇಕೆಂದಾದರೆ, ಆ ಖಾತೆಯಿರುವ ಶಾಖೆಯಲ್ಲಿ ಆಧಾರ್ ಜೋಡಣೆಯ ಒಪ್ಪಿಗೆ ಪತ್ರವನ್ನು ತುಂಬಿ ಕೊಡಿ. ‘ಆಧಾರ್ ಲಿಂಕ್ ಮಾಡಿ’ ಎಂದಷ್ಟೇ ಹೇಳಿದರೆ ಗುರುತಿನ ದಾಖಲೆಯಾಗಿ ಸೇರಿಸಿ ಕಳುಹಿಸಿಬಿಡುತ್ತಾರೆ. ಆದ್ದರಿಂದ ‘ಸರ್ಕಾರದ ಹಣ ಬರಲು ಎನ್‌ಪಿಸಿಐ ಮ್ಯಾಪಿಂಗ್ ಆಗಬೇಕು’ ಎಂದು ಸ್ಪಷ್ಟವಾಗಿ ಹೇಳಬೇಕು.

ಜೋಡಣೆಯಾಗಿದ್ದ ಖಾತೆ ಮುಚ್ಚಿಹೋಗಿದ್ದರೆ ಅಥವಾ ನಿಷ್ಕ್ರಿಯವಾಗಿದ್ದರೆ ಹಣ ಅಲ್ಲಿ ಜಮೆಯಾಗದೆ ಹಿಂದಿರುಗುತ್ತದೆ. ಆಗ ಜೋಡಣೆಯನ್ನು ಸರಿಪಡಿಸಿಕೊಂಡ ಬಳಿಕ ನಿಮ್ಮ ವಿದ್ಯಾರ್ಥಿ ಗುರುತಿನ ಸಂಖ್ಯೆಯನ್ನು ನಮೂದಿಸಿ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ತಾಲ್ಲೂಕು ಕಚೇರಿಗೆ, ಮತ್ತೊಮ್ಮೆ ಸಂದಾಯ ಮಾಡುವಂತೆ ಕೋರಿ ಮನವಿ ಸಲ್ಲಿಸಿ. ಅಮ್ಮನ ಖಾತೆಗೆ ಹಾಕಿಸಿಕೊಳ್ಳಲು ಬರುವುದಿಲ್ಲ, ವಿದ್ಯಾರ್ಥಿಯ ಸ್ವಂತ ಆಧಾರ್‌ಗೆ ಜೋಡಣೆಯಾದ ಖಾತೆಯೇ ಬೇಕು.

ಯಾರ ಬಳಿ ಹೋಗಬೇಕೆಂಬ ನಿಮ್ಮ ಪ್ರಶ್ನೆ ಎಲ್ಲ ವಿದ್ಯಾರ್ಥಿಗಳಿಗೂ ಸೇರಿದ್ದು. ಕಿಟಕಿಯ ಮುಂದೆ ಸಾಲಿನಲ್ಲಿ ನಿಂತು ‘ಸರ್, ನನ್ನ ಸ್ಕಾಲರ್‌ಶಿಪ್ ಬಂದಿಲ್ಲ’ ಎಂದರೆ, ನೂರಾರು ಅರ್ಜಿಗಳನ್ನು ನೋಡಿಕೊಳ್ಳುವ ಗುಮಾಸ್ತರಿಂದ ‘ನಾಳೆ ಬನ್ನಿ’ ಎಂಬ ಉತ್ತರವೇ ಬರುತ್ತದೆ, ಏಕೆಂದರೆ ಆ ಮಾತಿನಿಂದ ಅವರಿಗೆ ಮಾಡಬೇಕಾದ ಕೆಲಸ ಯಾವುದೆಂದು ತಿಳಿಯುವುದಿಲ್ಲ. ಅರ್ಜಿ ಯಾವ ಮೇಜಿನ ಮೇಲೆ ನಿಂತಿದೆ ಎಂಬುದನ್ನು ನೀವೇ ಮೊದಲು ಕಂಡುಕೊಂಡು ಹೋಗಬೇಕು. ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲೆ ಮುದ್ರಿತವಾಗಿರುವ ಆರ್‌ಡಿ ಸಂಖ್ಯೆ ಹೊಂದಿಕೆಯಾಗದಿದ್ದರೆ ಅಥವಾ ಐದು ವರ್ಷಗಳ ಅವಧಿ ಮುಗಿದು ಆದಾಯ ಪತ್ರ ಹಳತಾಗಿದ್ದರೆ ಅದು ಕಂದಾಯ ಇಲಾಖೆಯ ಕೆಲಸ, ಕಾಲೇಜಿನವರು ಏನೂ ಮಾಡಲಾರರು. ವ್ಯಾಸಂಗದ ದಾಖಲೆಗಳ ಇ-ದೃಢೀಕರಣ (ಅವು ಸರಿಯಾಗಿವೆ ಎಂದು ಆನ್‌ಲೈನಿನಲ್ಲಿ ಖಚಿತಪಡಿಸುವುದು) ಆಗಿಲ್ಲವೆಂದಾದರೆ, ಅಥವಾ ಕೋರ್ಸು, ವರ್ಷ, ಶುಲ್ಕದ ಮಾಹಿತಿ ತಪ್ಪಾಗಿದೆ ಎಂದಾದರೆ ಅದು ಕಾಲೇಜಿನ ಕೆಲಸ, ಅವರು ನಿಮ್ಮನ್ನು ತಾಲ್ಲೂಕು ಕಚೇರಿಗೆ ಅಟ್ಟುವಂತಿಲ್ಲ. ಕಾಲೇಜಿನ ಹಂತ ದಾಟಿ ಮಂಜೂರಾತಿಗೆ ಕಾಯುತ್ತಿದ್ದರೆ ಇಲಾಖೆಯನ್ನು ಕೇಳಬೇಕು. ಸಂದಾಯವಾಗಿದೆ ಎಂದಿದ್ದರೆ ಬ್ಯಾಂಕು. ಎಸ್‌ಎಸ್‌ಪಿಯ ಸ್ಥಿತಿ ಪುಟವನ್ನು ಮುದ್ರಿಸಿ, ಸಂಬಂಧಪಟ್ಟ ಸಾಲಿನ ಕೆಳಗೆ ಗೆರೆ ಎಳೆದು, ಒಂದು ಪುಟದ ಮನವಿಯೊಂದಿಗೆ ಕೊಡಿ. ಅದರ ಇನ್ನೊಂದು ಪ್ರತಿಯ ಮೇಲೆ ಟಪಾಲು ವಿಭಾಗದ ಮುದ್ರೆ, ದಿನಾಂಕ ಮತ್ತು ರುಜು ಹಾಕಿಸಿಕೊಳ್ಳಿ. ಮುದ್ರೆ ಬಿದ್ದ ಕಾಗದಕ್ಕೆ ಕಚೇರಿ ಉತ್ತರ ಕೊಡಲೇಬೇಕಾಗುತ್ತದೆ. ಬಾಯಿಮಾತಿಗೆ ಅಂಥ ಬಲವಿಲ್ಲ.

ಪ್ರಶ್ನೆ: ನಾನು ಪರಿಶಿಷ್ಟ ಜಾತಿಗೆ ಸೇರಿದವನು, ಖಾಸಗಿ ಕಾಲೇಜೊಂದರಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ತಂದೆಯವರು ಗಾರೆ ಕೆಲಸ ಮಾಡುತ್ತಾರೆ. ಮೊದಲೆಲ್ಲ ಶುಲ್ಕವನ್ನು ಸರ್ಕಾರವೇ ಕಾಲೇಜಿಗೆ ಕಟ್ಟುತ್ತಿತ್ತಂತೆ. ಈಗ ಪೂರ್ತಿ ಶುಲ್ಕವನ್ನು ಮೊದಲು ನಾವೇ ಕಟ್ಟಬೇಕು, ಇಲ್ಲದಿದ್ದರೆ ಪರೀಕ್ಷೆಯ ಪ್ರವೇಶಪತ್ರ ಕೊಡುವುದಿಲ್ಲ ಎಂದು ಕಚೇರಿಯವರು ಹೇಳುತ್ತಿದ್ದಾರೆ. ಸಾಲ ಮಾಡದೆ ಬೇರೆ ದಾರಿ ಇದೆಯೇ?
– ವಿದ್ಯಾರ್ಥಿ, ಚಾಮರಾಜನಗರ ಜಿಲ್ಲೆ

ಉತ್ತರ: ಬಡ್ಡಿಗೆ ಸಾಲ ತರುವ ಮೊದಲು ದಯವಿಟ್ಟು ಇದನ್ನು ಓದಿ, ತಂದೆಯವರಿಗೂ ಓದಿ ಹೇಳಿ.

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಕೇಂದ್ರ ಯೋಜನೆಯ ಮಾರ್ಗಸೂಚಿ 2021ರಲ್ಲಿ ಬದಲಾಯಿತು. ಕುಟುಂಬದ ವಾರ್ಷಿಕ ಆದಾಯದ ಮಿತಿ 2.5 ಲಕ್ಷ ರೂಪಾಯಿ. ವೆಚ್ಚದಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ ಪಾಲು ಶೇ 40. ರಾಜ್ಯ ತನ್ನ ಪಾಲನ್ನು ಬಿಡುಗಡೆ ಮಾಡಿದ ಮೇಲೆ ಕೇಂದ್ರ ತನ್ನ ಪಾಲನ್ನು, ಶುಲ್ಕದ ಭಾಗವೂ ಸೇರಿದಂತೆ, ನೇರವಾಗಿ ವಿದ್ಯಾರ್ಥಿಯ ಖಾತೆಗೇ ಹಾಕುತ್ತದೆ. ವಿದ್ಯಾರ್ಥಿಯು ಅದನ್ನು ಕಾಲೇಜಿಗೆ ಕಟ್ಟಬೇಕು. ಕಾಲೇಜುಗಳು ಹಿಂದಿಗಿಂತ ಹೆಚ್ಚು ಬಿಗಿಯಾಗಿರುವುದಕ್ಕೆ ಕಾರಣ ಇದೇ. ಹಿಂದೆ ಹಣ ತಡವಾದರೂ ತಮ್ಮ ಖಾತೆಗೇ ಬರುತ್ತದೆ ಎಂಬ ನಂಬಿಕೆ ಆಡಳಿತ ಮಂಡಳಿಗಿತ್ತು, ಈಗ ವಿದ್ಯಾರ್ಥಿ ಕಟ್ಟದೆ ಹೋದರೆ ಎಂಬ ಅಳುಕು ಸೇರಿಕೊಂಡಿದೆ. ಆ ಅಳುಕು ಅರ್ಥವಾಗುವಂಥದ್ದೇ. ಆದರೆ ಅದರ ಹೊರೆಯನ್ನು, ಯೋಜನೆ ಯಾರಿಗಾಗಿ ಇದೆಯೋ ಆ ಕೂಲಿಕಾರನ ಮಗನ ತಲೆಯ ಮೇಲೆ ಮುಂಗಡವಾಗಿ ಹೊರಿಸುವುದು ನ್ಯಾಯವಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮಾರ್ಗಸೂಚಿಯೂ ಇದನ್ನು ಮನಗಂಡಿದೆ. ಅರ್ಹ ವಿದ್ಯಾರ್ಥಿಗಳು ಮುಂಗಡ ಶುಲ್ಕ ಕಟ್ಟದೆ ಪ್ರವೇಶ ಪಡೆಯಲು ಅನುಕೂಲವಾಗುವಂತೆ ‘ಫ್ರೀಶಿಪ್ ಕಾರ್ಡ್’ ಎಂಬ ಏರ್ಪಾಡನ್ನು ಅದರಲ್ಲಿ ಮಾಡಲಾಗಿದೆ. ಹಣ ಖಾತೆಗೆ ಬಂದ ಮೇಲೆ ಕಾಲೇಜಿಗೆ ಕಟ್ಟುವುದು ವಿದ್ಯಾರ್ಥಿಯ ಹೊಣೆ. ನಿಮ್ಮ ತಾಲ್ಲೂಕಿನ ಸಮಾಜ ಕಲ್ಯಾಣ ಇಲಾಖೆಯ ಸಹಾಯಕ ನಿರ್ದೇಶಕರ ಕಚೇರಿಗೆ ಹೋಗಿ, ನೀವು ಯೋಜನೆಗೆ ಅರ್ಹರು, ನಿಮ್ಮ ಅರ್ಜಿ ಇಂಥ ಹಂತದಲ್ಲಿದೆ ಎಂದು ಕಾಲೇಜಿಗೆ ಒಂದು ಪತ್ರ ಕೊಡುವಂತೆ ಕೋರಿ. ಫ್ರೀಶಿಪ್ ಕಾರ್ಡಿನ ಬಗ್ಗೆಯೂ ಹೆಸರು ಹೇಳಿಯೇ ಕೇಳಿ. ಜೊತೆಗೆ ಪ್ರಾಂಶುಪಾಲರಿಗೆ ನೀವೇ ಒಂದು ಮನವಿ ಬರೆಯಿರಿ. ಅದರಲ್ಲಿ ಎಸ್‌ಎಸ್‌ಪಿ ಅರ್ಜಿಯ ಸ್ವೀಕೃತಿಯನ್ನು ಲಗತ್ತಿಸಿ, ಹಣ ಜಮೆಯಾದ ಕೂಡಲೇ ಶುಲ್ಕ ಕಟ್ಟುವುದಾಗಿ ಒಪ್ಪಿಕೊಂಡು, ಅಲ್ಲಿಯವರೆಗೆ ಕಾಲಾವಕಾಶ ಕೋರಿ, ತಂದೆಯವರ ಸಹಿಯನ್ನೂ ಹಾಕಿಸಿ. ಈ ಒಪ್ಪಿಗೆಯಿಂದ ಕಾಲೇಜಿನ ಅಳುಕಿಗೆ ಸಮಾಧಾನ ಸಿಗುತ್ತದೆ. ಎಷ್ಟೋ ಕಡೆ ಲೆಕ್ಕಪತ್ರ ವಿಭಾಗದ ಸೂಪರಿಂಟೆಂಡೆಂಟರು ಇಂಥ ಕಾಗದವೊಂದು ಕಡತದಲ್ಲಿದ್ದರೆ ಸಾಕೆಂದು ಕಾಯುತ್ತಿರುತ್ತಾರೆ. ಲೆಕ್ಕ ತಪಾಸಣೆಗೆ ಬಂದವರು ‘ಈ ಶುಲ್ಕ ಯಾಕೆ ಬಾಕಿ’ ಎಂದು ಕೇಳಿದಾಗ ತೋರಿಸಲು ಅವರಿಗೂ ಏನಾದರೂ ಬೇಕು.

ಇಷ್ಟಾದರೂ ಒಪ್ಪದಿದ್ದರೆ ಮುಂದಿನ ದಾರಿ ಇದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2023ರ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ನಿಯಮಾವಳಿಯ ಪ್ರಕಾರ ಪ್ರತಿಯೊಂದು ಉನ್ನತ ಶಿಕ್ಷಣ ಸಂಸ್ಥೆಯಲ್ಲೂ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ಅದು ದೂರು ಬಂದ 15 ಕೆಲಸದ ದಿನಗಳೊಳಗೆ ವರದಿ ಕೊಡಬೇಕು, ಅದರ ಪ್ರತಿ ದೂರುದಾರರಿಗೂ ಸಿಗಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ 15 ದಿನಗಳೊಳಗೆ ವಿಶ್ವವಿದ್ಯಾಲಯದಲ್ಲಿ ಇಂಥ ಮೇಲ್ಮನವಿಗಳನ್ನು ಕೇಳಲೆಂದೇ ಇರುವ ಒಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಸಲ್ಲಿಸಬಹುದು. ಪರೀಕ್ಷೆ ಹತ್ತಿರವಿದ್ದರೆ ಈ ಎಲ್ಲ ಗಡುವುಗಳೂ ಉದ್ದವೆನಿಸುತ್ತವೆ. ಆದ್ದರಿಂದ ಪ್ರವೇಶಪತ್ರದ ದಿನದವರೆಗೆ ಕಾಯದೆ, ಶುಲ್ಕದ ನೋಟಿಸು ಫಲಕಕ್ಕೆ ಬಿದ್ದ ವಾರದಲ್ಲೇ ಮನವಿ ಕೊಡುವುದು ಒಳ್ಳೆಯದು.

ಇನ್ನೊಂದು ಮಾತನ್ನು ಹಿರಿಯರಾಗಿ ಹೇಳುತ್ತೇವೆ. ರಾಜ್ಯದ ಪಾಲು ಮತ್ತು ಕೇಂದ್ರದ ಪಾಲು ಬೇರೆ ಬೇರೆ ದಿನ ಬರುತ್ತವೆ. ಅದರಲ್ಲಿ ಶುಲ್ಕ ಎಷ್ಟು, ನಿಮ್ಮ ಖರ್ಚಿಗೆಂದು ಕೊಟ್ಟ ಶೈಕ್ಷಣಿಕ ಭತ್ಯೆ ಎಷ್ಟು ಎಂಬುದು ಸಂದೇಶದಲ್ಲಿ ಗೊತ್ತಾಗುವುದಿಲ್ಲ. ಕೇಂದ್ರದ ಮಾರ್ಗಸೂಚಿಯಂತೆ ವೃತ್ತಿಪರವಲ್ಲದ ಪದವಿ ಕೋರ್ಸುಗಳಿಗೆ ಹಾಸ್ಟೆಲಿನಲ್ಲಿರುವವರಿಗೆ ವರ್ಷಕ್ಕೆ 6,000 ರೂಪಾಯಿ, ಮನೆಯಿಂದ ಹೋಗಿ ಬರುವವರಿಗೆ 3,000 ರೂಪಾಯಿ ಭತ್ಯೆ. ಉಳಿದದ್ದು ಶುಲ್ಕದ ಹಣ. ಮನೆಯಲ್ಲಿ ಎಂಥದೇ ಅಡಚಣೆ ಇದ್ದರೂ ಆ ಭಾಗವನ್ನು ಮುಟ್ಟಬೇಡಿ, ಕಟ್ಟಿದ ರಸೀದಿಯನ್ನು ಜೋಪಾನವಾಗಿಡಿ. ಒಬ್ಬ ವಿದ್ಯಾರ್ಥಿ ಕಟ್ಟದೆ ಉಳಿದರೆ ಮುಂದಿನ ವರ್ಷ ಅದೇ ಕಿಟಕಿಗೆ ಬರುವ ಹತ್ತು ಮಕ್ಕಳ ಮಾತನ್ನು ಯಾರೂ ನಂಬುವುದಿಲ್ಲ.

ಪ್ರಶ್ನೆ: ನಮ್ಮ ಸರ್ಕಾರಿ ಕಾಲೇಜಿನಲ್ಲಿ ಇ-ದೃಢೀಕರಣ ಮಾಡಿಕೊಡಲು ಒಬ್ಬರು 200 ರೂಪಾಯಿ ಕೇಳುತ್ತಾರೆ. ಎಲ್ಲರೂ ಕೊಡುತ್ತಿದ್ದಾರೆ. ಕೊಡದಿದ್ದರೆ ಅರ್ಜಿ ತಡವಾಗುತ್ತದೆ ಎಂಬ ಭಯ.
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಕೊಡಬೇಡಿ. ಅದು ಅವರ ಕರ್ತವ್ಯದ ಭಾಗ, ಅದಕ್ಕೆ ಶುಲ್ಕವಿಲ್ಲ. ನೀವೊಬ್ಬರೇ ಎದುರು ನಿಲ್ಲುವುದು ಕಷ್ಟವಾದ್ದರಿಂದ ತರಗತಿಯ ಏಳೆಂಟು ಮಂದಿ ಸೇರಿ, ಯಾರನ್ನೂ ದೂಷಿಸದೆ, ‘ಇ-ದೃಢೀಕರಣಕ್ಕೆ ಶುಲ್ಕ ನಿಗದಿಯಾಗಿದೆಯೇ, ಆಗಿದ್ದರೆ ಯಾವ ಆದೇಶದಂತೆ, ರಸೀದಿ ಕೊಡಲಾಗುತ್ತದೆಯೇ’ ಎಂದು ಪ್ರಾಂಶುಪಾಲರಿಗೆ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ಬಹುತೇಕ ಕಡೆ ಈ ಕಾಗದವೇ ಸಾಕಾಗುತ್ತದೆ. ಉತ್ತರ ಬಾರದಿದ್ದರೆ ಇದೇ ಪ್ರಶ್ನೆಯನ್ನು ಮಾಹಿತಿ ಹಕ್ಕು ಅಧಿನಿಯಮದಡಿ 10 ರೂಪಾಯಿ ಶುಲ್ಕದೊಂದಿಗೆ ಕೇಳಬಹುದು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗಿರಬೇಕು, 30 ದಿನಗಳಲ್ಲಿ ಉತ್ತರ ಬರಬೇಕು. ಆಮೇಲೂ ಹಣಕ್ಕಾಗಿ ಪೀಡಿಸಿದರೆ ಜಿಲ್ಲೆಯ ಲೋಕಾಯುಕ್ತ ಪೊಲೀಸ್ ಕಚೇರಿಗೆ ಹೋಗಿ. ಇನ್ನೂರು ರೂಪಾಯಿ ಸಣ್ಣ ಮೊತ್ತವೆಂದು ಅಲ್ಲಿ ಯಾರಾದರೂ ಹೇಳಿದರೆ, ಅದು ತಾಯಿಯ ಒಂದು ದಿನದ ಕೂಲಿಯ ದೊಡ್ಡ ಪಾಲೆಂದು ಹೇಳಲು ಸಂಕೋಚಪಡಬೇಡಿ.

ಪ್ರಶ್ನೆ: ನಾನು ಯುಜಿಸಿಯ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಪಡೆದು ಇತಿಹಾಸದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಹಲವು ತಿಂಗಳಿಂದ ಫೆಲೋಶಿಪ್ ಬಂದಿಲ್ಲ. ವಿಶ್ವವಿದ್ಯಾಲಯದ ವಿಭಾಗದಲ್ಲಿ ಕೇಳಿದರೆ ದೆಹಲಿಯಿಂದಲೇ ಬಂದಿಲ್ಲ ಎನ್ನುತ್ತಾರೆ. ಮಾರ್ಗದರ್ಶಕರಿಗೆ ಪದೇ ಪದೇ ಹೇಳಲು ಮುಜುಗರ.
– ಸಂಶೋಧನಾ ವಿದ್ಯಾರ್ಥಿ, ಧಾರವಾಡ

ಉತ್ತರ: ದೆಹಲಿಯಿಂದ ಬಂದಿಲ್ಲ ಎಂಬುದು ನಿಜವಿರಬಹುದು. ಆದರೆ ದೆಹಲಿಗೆ ಇಲ್ಲಿಂದ ಹೋಗಬೇಕಾದದ್ದು ಹೋಗಿದೆಯೇ ಎಂಬುದನ್ನು ಮೊದಲು ನೋಡಬೇಕು. ಯುಜಿಸಿಯ ಫೆಲೋಶಿಪ್ ಕೆನರಾ ಬ್ಯಾಂಕ್ ನಿರ್ವಹಿಸುವ ಪೋರ್ಟಲ್ ಮೂಲಕ ಸಂದಾಯವಾಗುತ್ತದೆ. ಇಂಥ ಸಂಶೋಧಕರು ಈ ತಿಂಗಳು ಕೆಲಸದಲ್ಲಿದ್ದಾರೆ ಎಂದು ವಿಶ್ವವಿದ್ಯಾಲಯ ತಿಂಗಳು ತಿಂಗಳೂ ಅದರಲ್ಲಿ ದೃಢೀಕರಿಸಬೇಕು. ‘ಮೇಕರ್’ ಎಂದು ನೇಮಿಸಿದ ಸಿಬ್ಬಂದಿ ನಮೂದಿಸುತ್ತಾರೆ, ‘ಚೆಕರ್’ ಆಗಿರುವ ಅಧಿಕಾರಿ ಅನುಮೋದಿಸುತ್ತಾರೆ. ಇವರಲ್ಲಿ ಒಬ್ಬರು ವರ್ಗವಾಗಿ ಹೋದರೆ, ದೀರ್ಘ ರಜೆಯಲ್ಲಿದ್ದರೆ, ನಿವೃತ್ತರಾದ ಬಳಿಕ ಬೇರೆಯವರ ನೇಮಕವಾಗದಿದ್ದರೆ ಇಡೀ ವಿಶ್ವವಿದ್ಯಾಲಯದ ಸಂಶೋಧಕರ ಹಣ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ‘ನನ್ನ ಹಣ ಬಂದಿಲ್ಲ’ ಎನ್ನುವ ಬದಲು, ‘ಇಂಥ ತಿಂಗಳುಗಳ ದೃಢೀಕರಣವನ್ನು ಮೇಕರ್ ಯಾವ ದಿನಾಂಕದಂದು ನಮೂದಿಸಿದ್ದಾರೆ, ಚೆಕರ್ ಯಾವ ದಿನಾಂಕದಂದು ಅನುಮೋದಿಸಿದ್ದಾರೆ’ ಎಂದು ಕುಲಸಚಿವರಿಗೆ ಬರೆದು ಕೇಳಿ. ಬೇರೆ ವಿಭಾಗಗಳ ಸಂಶೋಧಕರಿಗೆ ಬಂದಿದ್ದು ನಿಮಗೊಬ್ಬರಿಗೇ ನಿಂತಿದ್ದರೆ ಹಾಜರಾತಿ ವರದಿಯೋ ಖಾತೆಯ ವಿವರವೋ ತಪ್ಪಿರಬೇಕು. ಯಾರಿಗೂ ಬಂದಿಲ್ಲವಾದರೆ ಎಲ್ಲರೂ ಸೇರಿ ಬರೆಯುವುದು ಒಳ್ಳೆಯದು.

ಎರಡು ವರ್ಷ ಮುಗಿಯುವ ಸಮಯದಲ್ಲಿ ನಿಲ್ಲುವುದೂ ಸಾಮಾನ್ಯ. ಜೆಆರ್‌ಎಫ್‌ನಿಂದ ಹಿರಿಯ ಸಂಶೋಧನಾ ಫೆಲೋಶಿಪ್ ಆದ ಎಸ್‌ಆರ್‌ಎಫ್‌ಗೆ ಏರುವುದು ತಾನಾಗಿ ಆಗುವುದಿಲ್ಲ. ಇದಕ್ಕೆಂದು ರಚಿಸಿದ ಸಮಿತಿ ನಿಮ್ಮ ಸಂಶೋಧನೆಯ ಪ್ರಗತಿಯನ್ನು ಮೌಲ್ಯಮಾಪನ ಮಾಡಿ, ಅದರ ವರದಿ ಪೋರ್ಟಲ್‌ಗೆ ಏರಬೇಕು. 2023ರ ಜನವರಿಯಿಂದ ಜೆಆರ್‌ಎಫ್ ಮೊತ್ತ ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ 42,000 ರೂಪಾಯಿ ಆಗಿದೆ. ಸಮಿತಿಯ ಸಭೆ ತಡವಾದಷ್ಟೂ ಈ ವ್ಯತ್ಯಾಸವೂ ಬಾಕಿ ಉಳಿಯುತ್ತದೆ. ಎರಡು ವರ್ಷ ತುಂಬುವ ಕೆಲವು ತಿಂಗಳು ಮೊದಲೇ ಸಭೆ ಕರೆಯುವಂತೆ ವಿಭಾಗದ ಮುಖ್ಯಸ್ಥರಿಗೆ ಮನವಿ ಕೊಡಿ. ಮುಜುಗರದ ಮಾತು: ಫೆಲೋಶಿಪ್ ನಿಮ್ಮ ದುಡಿಮೆಗೆ ಬರುವ ಹಣ. ಮಾರ್ಗದರ್ಶಕರಿಗೆ ದೂರು ಹೇಳುವಂತೆ ಭಾವಿಸದೆ, ಅವರ ಸಹಿ ಬೇಕಾದ ಕಾಗದವನ್ನು ನೀವೇ ಸಿದ್ಧಪಡಿಸಿ ಮುಂದಿಟ್ಟರೆ ಬಹುಪಾಲು ಗುರುಗಳು ಸಂತೋಷದಿಂದಲೇ ಸಹಿ ಹಾಕುತ್ತಾರೆ. ಯುಜಿಸಿಯ ಕುಂದುಕೊರತೆ ನಿಯಮಾವಳಿ ವಿದ್ಯಾರ್ಥಿವೇತನದ ವಿಳಂಬವನ್ನೂ ದೂರಿನ ವಿಷಯವೆಂದು ಹೆಸರಿಸಿದೆ ಎಂಬುದು ನಿಮಗೆ ತಿಳಿದಿರಲಿ.

ಪ್ರಶ್ನೆ: ಮಗಳಿಗೆ ಸುರತ್ಕಲ್‌ನ ಎನ್‌ಐಟಿಯಲ್ಲಿ ಸೀಟು ಸಿಕ್ಕಿದೆ. ಪಿಎಂ ವಿದ್ಯಾಲಕ್ಷ್ಮಿ ಸಾಲಕ್ಕೆ ಜಮೀನು ಒತ್ತೆ ಇಡಬೇಕೇ? ಬ್ಯಾಂಕಿನವರು ಕಾಲೇಜಿನಿಂದ ಏನೇನೋ ಕಾಗದ ಕೇಳುತ್ತಿದ್ದಾರೆ.
– ರೈತ, ಹಾಸನ ಜಿಲ್ಲೆ

ಉತ್ತರ: ಮಗಳಿಗೆ ಅಭಿನಂದನೆಗಳು. 2024ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಈ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಒತ್ತೆಯಾಗಲಿ ಜಾಮೀನುದಾರರಾಗಲಿ ಇಲ್ಲದೆ ಸಾಲ ಕೊಡಬೇಕು. ಕೇಂದ್ರ ಸರ್ಕಾರದ ಸಂಸ್ಥೆಗಳೆಲ್ಲ ಆ ಪಟ್ಟಿಯಲ್ಲಿವೆ, ಎನ್‌ಐಟಿಯೂ ಅವುಗಳಲ್ಲಿ ಒಂದು. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷ ರೂಪಾಯಿವರೆಗಿದ್ದು, ಸರ್ಕಾರದ ಬೇರೆ ವಿದ್ಯಾರ್ಥಿವೇತನ ಅಥವಾ ಬಡ್ಡಿ ರಿಯಾಯಿತಿ ಪಡೆಯದಿದ್ದರೆ, 10 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಮರುಪಾವತಿ ಆರಂಭವಾಗುವವರೆಗಿನ ಅವಧಿಯಲ್ಲಿ ಶೇ 3ರಷ್ಟು ಬಡ್ಡಿ ರಿಯಾಯಿತಿಗೂ ಅರ್ಜಿ ಹಾಕಬಹುದು. ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ ಮಾತ್ರ ಇದು ಸಿಗುವುದರಿಂದ ರಿಯಾಯಿತಿಯನ್ನು ನೆಚ್ಚಿಕೊಂಡು ಲೆಕ್ಕ ಹಾಕಬೇಡಿ. ಜಮೀನಿನ ಪಹಣಿ ಒತ್ತೆಗೆ ಕೇಳಿದರೆ, ಯೋಜನೆಯ ಹೆಸರು ಬರೆದು ಆ ಬೇಡಿಕೆಯನ್ನು ಲಿಖಿತವಾಗಿ ಕೊಡುವಂತೆ ವ್ಯವಸ್ಥಾಪಕರನ್ನು ಕೇಳಿ.

ಕಾಲೇಜಿನಿಂದ ಬೇಕಾಗುವುದು ಮುಖ್ಯವಾಗಿ ಎರಡು ಕಾಗದ: ಪ್ರವೇಶದ ಪತ್ರ, ಮತ್ತು ಕೋರ್ಸು ಮುಗಿಯುವವರೆಗೆ ಪ್ರತಿ ವರ್ಷದ ಬೋಧನಾ ಶುಲ್ಕ, ಹಾಸ್ಟೆಲ್, ಊಟ, ಪರೀಕ್ಷಾ ಶುಲ್ಕಗಳನ್ನು ಬೇರೆ ಬೇರೆಯಾಗಿ ತೋರಿಸುವ ಶುಲ್ಕ ವಿವರದ ಪತ್ರ. ಮೊದಲ ವರ್ಷದ ರಸೀದಿಯನ್ನಷ್ಟೇ ಕೊಟ್ಟರೆ ಬ್ಯಾಂಕು ಮೊದಲ ವರ್ಷಕ್ಕಷ್ಟೇ ಲೆಕ್ಕ ಹಾಕುವ ಸಂಭವವಿದೆ, ಹಾಸ್ಟೆಲ್ ಖರ್ಚು ಸಾಲದಿಂದ ಹೊರಗುಳಿಯಬಹುದು. ಪ್ರವೇಶದ ದಿನ ದಾಖಲೆ ಪರಿಶೀಲನೆಗೆ ಹೋದಾಗಲೇ, ಮಗಳ ಅರ್ಜಿ ಸಂಖ್ಯೆಯನ್ನು ನಮೂದಿಸಿ, ಬ್ಯಾಂಕಿನ ಹೆಸರಿಗೆ ಈ ಪತ್ರ ಬೇಕೆಂದು ಶೈಕ್ಷಣಿಕ ವಿಭಾಗದಲ್ಲಿ ಮನವಿ ಕೊಟ್ಟು ಬನ್ನಿ. ಊರಿಗೆ ಮರಳುವ ಮೊದಲು ಅದರ ಪ್ರತಿಯ ಮೇಲೆ ಮುದ್ರೆ ಬಿದ್ದಿದೆಯೇ ಎಂದು ನೋಡಿಕೊಳ್ಳಿ.